ನಿಮಗಿದು ಗೊತ್ತೆ? ಫೆಬ್ರವರಿ 7

ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯಲ್ಲಿ 1946ರ ಈ ದಿನ ಹುಟ್ಟಿದವರು ಕವಿ ದೊಡ್ಡರಂಗೇಗೌಡ. ‘ಪರಸಂಗದ ಗೆಂಡೆತಿಮ್ಮ’ (1978), ‘ಆಲೆಮನೆ’ ಚಿತ್ರಗಳ ಹಾಡುಗಳಲ್ಲಿ ಬಯಲುಸೀಮೆಯ ಆಡುಮಾತನ್ನೇ ರೇಡಿಯೊಗೂ ಟಿ.ವಿ.ಗೂ ದಾಟಿಸಿದರು. ಹಾಡು ಬಾಯಿಗೆ ಬರುತ್ತದೆ, ಬರೆದವರ ಹೆಸರು ನೆನಪಾಗದು; ಚಿತ್ರಗೀತೆ ಬರೆಯುವವರ ಪಾಡೇ ಅಷ್ಟು! ಗೌಡರಿಗೆ 2018ರಲ್ಲಿ ಪದ್ಮಶ್ರೀ ಬಂತು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಅವರಿಗೆ 53 ತುಂಬಿದ ದಿನ, 1999ರ ಭಾನುವಾರ, ನಾಡಿನ ಮಂದಿ ಟಿ.ವಿ. ಮುಂದಿನಿಂದ ಏಳಲೇ ಇಲ್ಲ. ದೆಹಲಿಯ ಫಿರೋಜ್‌ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಎರಡನೇ ಇನಿಂಗ್ಸ್‌ನ ಹತ್ತೂ ವಿಕೆಟ್‌ ಅನಿಲ್‌ ಕುಂಬ್ಳೆ ಪಾಲಾದವು: 26.3 ಓವರ್‌, 74 ರನ್‌. ಒಂಬತ್ತಾದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್‌ ಶ್ರೀನಾಥ್‌ ಬೇಕೆಂದೇ ಚೆಂಡನ್ನು ಸ್ಟಂಪಿನಿಂದ ಆಚೆಗೆ ಎಸೆದರು. ಕೊನೆಗೆ ವಾಸಿಂ ಅಕ್ರಂ ಬ್ಯಾಟಿಗೆ ತಾಗಿದ ಚೆಂಡು ವಿ.ವಿ.ಎಸ್‌. ಲಕ್ಷ್ಮಣ್‌ ಕೈಸೇರಿತು. ಅಂಪೈರ್‌ಗಳಲ್ಲಿ ಒಬ್ಬರು ನಮ್ಮವರೇ ಆದ ಎ.ವಿ. ಜಯಪ್ರಕಾಶ್‌.

1812ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್‌ ಡಿಕನ್ಸ್‌ ಹುಟ್ಟಿದ್ದೂ ಇದೇ ದಿನ. 1984ರಲ್ಲಿ ಅಮೆರಿಕದ ಬ್ರೂಸ್‌ ಮೆಕ್‌ಕ್ಯಾಂಡ್ಲೆಸ್‌ ನೌಕೆಗೆ ಹಗ್ಗ ಕಟ್ಟಿಕೊಳ್ಳದೆ ಬಾಹ್ಯಾಕಾಶದಲ್ಲಿ ತೇಲಿದ ಮೊದಲಿಗನಾದ.

ಕುಂಬ್ಳೆಗಿಂತ ಮುಂಚೆ ಟೆಸ್ಟ್‌ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್‌ ಪಡೆದಿದ್ದವರು ಒಬ್ಬರೇ, 1956ರಲ್ಲಿ ಇಂಗ್ಲೆಂಡಿನ ಜಿಮ್‌ ಲೇಕರ್‌. ನಂತರದವರು ನ್ಯೂಜಿಲೆಂಡಿನ ಎಜಾಜ್‌ ಪಟೇಲ್‌, 2021ರಲ್ಲಿ ಮುಂಬೈಯಲ್ಲಿ.