ಲ್ಯಾಪ್‌ಟಾಪ್ ಮತ್ತು ಮಾನಿಟರ್‌ಗಳ ನಡುವಿನ ಮಾತುಕತೆ

ಲ್ಯಾಪ್‌ಟಾಪಿಗೆ ಬೇರೊಂದು ಮಾನಿಟರನ್ನು ಜೋಡಿಸಿದಾಗ ಚಿತ್ರದ ಬದಲು ‘ನೋ ಸಿಗ್ನಲ್’ ಎಂಬ ಬರಹ ಮೂಡಿ, ಕೆಲವೇ ಕ್ಷಣಗಳಲ್ಲಿ ತೆರೆ ಕಪ್ಪಾಗಿಬಿಟ್ಟರೆ, ಮಾನಿಟರೇ ಕೆಟ್ಟಿದೆಯೆಂದು ಭಾವಿಸುವುದು ಸಹಜ. ಆದರೆ ಆ ಬರಹವನ್ನು ಮೂಡಿಸುತ್ತಿರುವುದು ಮಾನಿಟರಿನ ಒಳಗಿನ ವ್ಯವಸ್ಥೆಯೇ ಆದ್ದರಿಂದ, ಅದಕ್ಕೆ ವಿದ್ಯುತ್ತು ಸಿಗುತ್ತಿದೆ, ಅದರ ತೆರೆ ಬೆಳಗುತ್ತಿದೆ, ಸಂಕೇತವೊಂದೇ ಬರಬೇಕಾಗಿದೆ ಎಂಬುದು ಅದರಿಂದಲೇ ಖಚಿತವಾಗುತ್ತದೆ. ಅದರ ಬದಲು ‘ಔಟ್ ಆಫ್ ರೇಂಜ್’ ಎಂಬ ಬರಹ ಬಂದರೆ, ಸಂಕೇತ ತಲುಪಿದೆಯಾದರೂ ಅದು ಮಾನಿಟರಿನ ಸಾಮರ್ಥ್ಯವನ್ನು ಮೀರಿದ ರೂಪದಲ್ಲಿದೆ ಎಂದರ್ಥ. ಮೊದಲನೆಯ ಬರಹ ಹುಡುಕಾಟವನ್ನು ಕೇಬಲ್ಲಿನ ಕಡೆಗೂ ಎರಡನೆಯದು ಲ್ಯಾಪ್‌ಟಾಪಿನ ಸೆಟ್ಟಿಂಗ್‌ಗಳ ಕಡೆಗೂ ತಿರುಗಿಸುತ್ತದೆ.

ಚಿತ್ರ ಮೂಡುವುದಕ್ಕೆ ಮೊದಲು ಎರಡು ಉಪಕರಣಗಳ ನಡುವೆ ಒಂದು ಕಿರು ಮಾತುಕತೆ ನಡೆಯುತ್ತದೆ. ಸಾಮಾನ್ಯ ಎಚ್‌ಡಿಎಂಐ ಕೇಬಲ್ಲಿನ ತುದಿಯಲ್ಲಿರುವ 19 ಪಿನ್‌ಗಳಲ್ಲಿ 18ನೆಯದರ ಮೂಲಕ ಲ್ಯಾಪ್‌ಟಾಪು 5 ವೋಲ್ಟ್ ವಿದ್ಯುತ್ತನ್ನು ಮಾನಿಟರಿಗೆ ಕಳುಹಿಸುತ್ತದೆ. ಮಾನಿಟರು 19ನೆಯ ಪಿನ್ನಿನ ಮೂಲಕ ‘ಇಲ್ಲಿದ್ದೇನೆ’ ಎಂಬ ಸೂಚನೆಯನ್ನು ಹಿಂದಕ್ಕೆ ನೀಡುತ್ತದೆ. ಅನಂತರ 15 ಮತ್ತು 16ನೆಯ ಪಿನ್‌ಗಳ ಮೂಲಕ ಲ್ಯಾಪ್‌ಟಾಪು ಮಾನಿಟರಿನ ಒಳಗಿರುವ ಪುಟ್ಟ ಸ್ಮೃತಿಕೋಶವನ್ನು ಓದುತ್ತದೆ. ಇಡಿಐಡಿ ಎಂದು ಕರೆಯಲಾಗುವ ಈ ಮಾಹಿತಿಯ ಮೂಲ ಭಾಗ ಕೇವಲ 128 ಬೈಟ್‌ಗಳಷ್ಟು. ಕನ್ನಡದ ಒಂದೆರಡು ಸಾಲುಗಳನ್ನು ಹಿಡಿಸುವಷ್ಟು ಜಾಗವೂ ಅದಲ್ಲ. ತಯಾರಕರ ಗುರುತು, ತೆರೆಯ ಉದ್ದಗಲ, ಅದಕ್ಕೆ ಒಗ್ಗುವ ರೆಸಲ್ಯೂಶನ್, ಅಂದರೆ ಅಡ್ಡಲಾಗಿಯೂ ಉದ್ದವಾಗಿಯೂ ಇರುವ ಚುಕ್ಕೆಗಳ ಸಂಖ್ಯೆ, ಇವೆಲ್ಲ ಅದರಲ್ಲಿ ಅಡಗಿರುತ್ತವೆ. ಈ ಓದು ಅರ್ಧಕ್ಕೆ ನಿಂತರೆ ಲ್ಯಾಪ್‌ಟಾಪು ಮಾನಿಟರೇ ಇಲ್ಲವೆಂದು ತಿಳಿಯಬಹುದು, ಇಲ್ಲವೇ ಯಾವ ತೆರೆಗೂ ಹೊಂದಬಹುದಾದ ಕೀಳುಮಟ್ಟದ ರೆಸಲ್ಯೂಶನ್ನಿನಲ್ಲಿ ಮಸುಕಾದ ಚಿತ್ರವನ್ನು ಕಳುಹಿಸಬಹುದು. ಕೇಬಲ್ಲಿನ ಎರಡೂ ತುದಿಗಳನ್ನು ಬಿಚ್ಚಿ ಗಟ್ಟಿಯಾಗಿ ಕೂರಿಸುವುದು, ಮಾನಿಟರಿನ ಪ್ಲಗ್ಗನ್ನು ಗೋಡೆಯಿಂದಲೇ ತೆಗೆದು ಒಂದು ನಿಮಿಷ ಬಿಟ್ಟು ಮತ್ತೆ ಹಾಕುವುದು ಹಲವು ಬಾರಿ ಫಲ ಕೊಡುವುದಕ್ಕೆ ಕಾರಣ, ಮಾತುಕತೆ ಮೊದಲಿನಿಂದ ಆರಂಭವಾಗುವುದೇ ಆಗಿದೆ.

ಹಾಗೆಯೇ ಮಾನಿಟರಿನ ಮೆನುವಿನಲ್ಲಿ ಕೇಬಲ್ ಚುಚ್ಚಿರುವ ಪೋರ್ಟನ್ನೇ ಆರಿಸಲಾಗಿದೆಯೇ ಎಂಬುದನ್ನೂ, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯೊಡನೆ ಪಿ ಕೀಲಿಯನ್ನು ಒತ್ತಿದಾಗ ಕಾಣುವ ನಾಲ್ಕು ಆಯ್ಕೆಗಳಲ್ಲಿ ‘ಪಿಸಿ ಸ್ಕ್ರೀನ್ ಓನ್ಲಿ’ ಎಂಬುದು ಉಳಿದುಕೊಂಡಿದೆಯೇ ಎಂಬುದನ್ನೂ ನೋಡಬೇಕು.

ಹೆಚ್ಚು ಗೊಂದಲ ಹುಟ್ಟಿಸುವುದು ಯುಎಸ್‌ಬಿ-ಸಿ ಪೋರ್ಟು. 2014ರಲ್ಲಿ ಬಂದ ಈ ಮೊಟ್ಟೆಯಾಕಾರದ ಪೋರ್ಟಿನ ಹೊರ ಆಕಾರ ಎಲ್ಲೆಡೆಯೂ ಒಂದೇ ಆಗಿದ್ದರೂ ಒಳಗಿನ ಸಾಮರ್ಥ್ಯ ಒಂದೇ ಅಲ್ಲ. ಕೆಲವು ಪೋರ್ಟುಗಳು ಚಿತ್ರವನ್ನು ಸಾಗಿಸುತ್ತವೆ, ಕೆಲವು ಚಾರ್ಜಿಂಗ್ ಹಾಗೂ ಫೈಲುಗಳ ಸಾಗಣೆಗಷ್ಟೇ ಸೀಮಿತವಾಗಿವೆ. ಪೋರ್ಟಿನ ಪಕ್ಕದಲ್ಲಿ ಮಿಂಚಿನ ಬಾಣದ ಗುರುತಾಗಲಿ ಡಿಸ್‌ಪ್ಲೇಪೋರ್ಟಿನ ಗುರುತಾಗಲಿ ಇದ್ದರೆ ಚಿತ್ರ ಸಾಗುತ್ತದೆಂದು ನಂಬಬಹುದು. ಗುರುತಿಲ್ಲದಿದ್ದರೆ ಆ ಮಾದರಿಯ ಕೈಪಿಡಿಯನ್ನೇ ನೋಡಬೇಕು. ಪೋರ್ಟು ಸರಿಯಿದ್ದರೂ ಫೋನಿನೊಡನೆ ಬಂದ ಚಾರ್ಜಿಂಗ್ ಕೇಬಲ್ಲನ್ನು ಬಳಸಿದರೆ, ಚಿತ್ರಕ್ಕೆ ಬೇಕಾದ ವೇಗದ ತಂತಿಗಳೇ ಅದರಲ್ಲಿ ಇಲ್ಲದಿರುವ ಸಂಭವ ಹೆಚ್ಚು. ಕನ್ವರ್ಟರ್‌ಗಳ ವಿಷಯದಲ್ಲಿ ದಿಕ್ಕು ಮುಖ್ಯ. 1987ರಲ್ಲಿ ಬಂದ, ಇಂದಿಗೂ ಹಲವು ಪ್ರೊಜೆಕ್ಟರುಗಳಲ್ಲಿ ಉಳಿದಿರುವ ವಿಜಿಎ ಏರಿಳಿಯುವ ವೋಲ್ಟೇಜಿನ ರೂಪದಲ್ಲಿಯೂ ಎಚ್‌ಡಿಎಂಐ ಅಂಕಿಗಳ ರೂಪದಲ್ಲಿಯೂ ಚಿತ್ರವನ್ನು ಒಯ್ಯುವುದರಿಂದ, ನಡುವೆ ಅನುವಾದ ಮಾಡುವ ಚಿಪ್ ಇರಲೇಬೇಕು, ಮತ್ತು ಆ ಚಿಪ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಕನ್ವರ್ಟರ್ ಕೊಳ್ಳುವವರು ಲ್ಯಾಪ್‌ಟಾಪಿನಲ್ಲಿ ಯಾವ ಪೋರ್ಟಿದೆ, ಮಾನಿಟರಿನಲ್ಲಿ ಯಾವುದಿದೆ ಎಂಬುದನ್ನು ಅದೇ ಕ್ರಮದಲ್ಲಿ ಹೇಳಿ ಕೇಳುವುದು ಒಳ್ಳೆಯದು.

ಚಿತ್ರ ಬಂದರೂ ಮೌಸ್ ಎಳೆದಾಗ ತಡವರಿಸಿದಂತೆ ಕಾಣುವುದಕ್ಕೆ ಲೆಕ್ಕವೇ ಉತ್ತರ ನೀಡುತ್ತದೆ. 4ಕೆ ಮಾನಿಟರಿನಲ್ಲಿ ಅಡ್ಡಲಾಗಿ 3,840, ಉದ್ದವಾಗಿ 2,160, ಒಟ್ಟು ಸುಮಾರು 83 ಲಕ್ಷ ಚುಕ್ಕೆಗಳಿವೆ. ಪ್ರತಿ ಚುಕ್ಕೆಯ ಬಣ್ಣಕ್ಕೆ 24 ಬಿಟ್‌ಗಳಂತೆ, ಸೆಕೆಂಡಿಗೆ 60 ಬಾರಿ ಚಿತ್ರವನ್ನು ಹೊಸದಾಗಿಸಬೇಕಾದರೆ ಸುಮಾರು 1,194 ಕೋಟಿ ಬಿಟ್‌ಗಳು ಸಾಗಬೇಕು. 2009ರ ಎಚ್‌ಡಿಎಂಐ 1.4 ಮಾನದಂಡದಲ್ಲಿ ಚಿತ್ರಕ್ಕೆ ದೊರೆಯುವ ಜಾಗ ಸುಮಾರು 816 ಕೋಟಿ ಬಿಟ್‌ಗಳಷ್ಟೇ ಆದ್ದರಿಂದ ಹಳೆಯ ಲ್ಯಾಪ್‌ಟಾಪುಗಳು ಸೆಕೆಂಡಿಗೆ 30 ಬಾರಿಗೆ ಇಳಿದುಬಿಡುತ್ತವೆ, 2013ರ 2.0 ಮಾನದಂಡದಲ್ಲಿ ಈ ಇಕ್ಕಟ್ಟು ನೀಗಿತು. ತೆರೆ ಆಗಾಗ ಒಂದು ಕ್ಷಣ ಕಪ್ಪಾಗಿ ಮರಳುತ್ತಿದ್ದರೆ, ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟನ್ನು, ಎಂದರೆ ಸೆಕೆಂಡಿಗೆ ಚಿತ್ರ ಹೊಸದಾಗುವ ಬಾರಿಯನ್ನು, 60ರಿಂದ 30ಕ್ಕೆ ಇಳಿಸಿ ನೋಡಬಹುದು; ಆಗ ತೊಂದರೆ ನಿಂತರೆ ಕೇಬಲ್ಲು ಆ ಭಾರವನ್ನು ತಾಳುತ್ತಿಲ್ಲವೆಂದು ಊಹಿಸಬಹುದು. ಉದ್ದನೆಯ ಅಗ್ಗದ ಕೇಬಲ್ಲುಗಳಲ್ಲಿ ಇದು ಮಾಮೂಲು.

ಕನ್ನಡ ಓದುವವರನ್ನು ಹೆಚ್ಚು ಕಾಡುವ ದೋಷ ಮಸುಕು. 1366×768 ಚುಕ್ಕೆಗಳ ಲ್ಯಾಪ್‌ಟಾಪಿನ ಚಿತ್ರವನ್ನೇ ‘ಡ್ಯೂಪ್ಲಿಕೇಟ್’ ಆಯ್ಕೆಯಲ್ಲಿ 1920×1080 ಚುಕ್ಕೆಗಳ ಮಾನಿಟರಿಗೆ ಕಳುಹಿಸಿದಾಗ ಒಂದು ಚುಕ್ಕೆ ಸುಮಾರು 1.4 ಚುಕ್ಕೆಗಳಷ್ಟು ಹಿಗ್ಗಬೇಕಾಗುತ್ತದೆ. ಅರ್ಧ ಚುಕ್ಕೆಯೆಂಬುದು ಇಲ್ಲದ ಕಾರಣ ಅಂಚುಗಳು ಕಲಸಿಹೋಗುತ್ತವೆ. ಇಂಗ್ಲಿಷ್ ಅಕ್ಷರಗಳು ಇದನ್ನು ಹೇಗೋ ತಾಳಿಕೊಳ್ಳುತ್ತವೆ. ಆದರೆ ‘ರಾಷ್ಟ್ರ’ ಎಂಬ ಪದದಲ್ಲಿ ಷಕಾರದಡಿ ಸೇರಿಕೊಂಡ ಎರಡು ಒತ್ತುಗಳು ಒಂದೇ ಕಪ್ಪು ಗಂಟಾಗಿ ಕಾಣುತ್ತವೆ. ‘ಎಕ್ಸ್‌ಟೆಂಡ್’ ಆಯ್ಕೆಗೆ ಬದಲಿಸಿ, ಮಾನಿಟರಿನ ಸ್ವಂತ ರೆಸಲ್ಯೂಶನ್ನನ್ನೇ ಆರಿಸಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ತಿಳಿಯಾಗುತ್ತವೆ. ಟಿವಿಯನ್ನು ಮಾನಿಟರಾಗಿ ಬಳಸುವಾಗ ಅಂಚುಗಳು ಕತ್ತರಿಸಿಹೋಗಿದ್ದರೆ ಟಿವಿಯ ಮೆನುವಿನಲ್ಲಿರುವ ‘ಸ್ಕ್ರೀನ್ ಫಿಟ್’ನಂತಹ ಆಯ್ಕೆ ಅದನ್ನು ಸರಿಪಡಿಸುತ್ತದೆ.

ಎರಡು ಮಾನಿಟರ್ ಜೋಡಿಸಿದಾಗ ಒಂದರಲ್ಲಷ್ಟೇ ಚಿತ್ರ ಬಂದರೆ ಅದನ್ನು ದೋಷವೆಂದೇ ತಿಳಿಯಬೇಕಾಗಿಲ್ಲ. 2020ರ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಹೊರಗಿನ ಒಂದೇ ಮಾನಿಟರಿಗೆ ಅವಕಾಶ ಕೊಡುತ್ತದೆ.

ಲ್ಯಾಪ್‌ಟಾಪು ಆರಂಭವಾಗುವಾಗ ತಯಾರಕರ ಲಾಂಛನ ಹೊರಗಿನ ಮಾನಿಟರಿನಲ್ಲಿ ಕಾಣಿಸಿಕೊಂಡು, ವಿಂಡೋಸ್ ತೆರೆದುಕೊಂಡ ಬಳಿಕ ಮಾಯವಾದರೆ, ಪೋರ್ಟೂ ಕೇಬಲ್ಲೂ ಸರಿಯಿದ್ದು ಡ್ರೈವರಿನಲ್ಲಿ, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶದಲ್ಲಿ, ತೊಡಕಿರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಹೊಸದಾಗಿ ಶುರುವಾಗುತ್ತದೆ, ಸಾಲದಿದ್ದರೆ ತಯಾರಕರ ತಾಣದಿಂದ ಮತ್ತೆ ಸ್ಥಾಪಿಸಬಹುದು. ಬೇರೆ ಕೇಬಲ್ಲಿನಲ್ಲಿಯೂ ಬೇರೆ ಮಾನಿಟರಿನಲ್ಲಿಯೂ ಅದೇ ಪೋರ್ಟು ಮೌನವಾಗಿದ್ದು, ಅವೇ ಕೇಬಲ್ಲು, ಮಾನಿಟರುಗಳು ಮತ್ತೊಂದು ಲ್ಯಾಪ್‌ಟಾಪಿನೊಡನೆ ಸರಿಯಾಗಿ ನಡೆದರೆ ಮಾತ್ರ ಮದರ್‌ಬೋರ್ಡಿಗೆ ಬೆಸೆದಿರುವ ಆ ಪೋರ್ಟಿನ ಕಡೆಗೆ ರಿಪೇರಿಯವರ ಕೈ ಹೋಗಬೇಕು.