ಮೊದಲ ಸೆಮಿಸ್ಟರೇ ಕೊನೆಯ ತೀರ್ಪಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳ್ಳಿಗಳಿಂದ ಎಂಜಿನಿಯರಿಂಗ್ ಸೇರುವವರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರಿದ್ದಾರೆ. ಶಾಲೆಗೇ ಮೊದಲಿಗನಾಗಿದ್ದ ಹುಡುಗ ಮೊದಲ ಸೆಮಿಸ್ಟರಿನ ಗಣಿತದಲ್ಲಿ ಅನುತ್ತೀರ್ಣನಾದರೆ ಮನೆಯವರಿಗೆ ದಿಗಿಲು. ಅವನಿಗೆ ಊರಿಗೆ ಮುಖ ತೋರಿಸಲೂ ನಾಚಿಕೆ. ಆದರೆ ಇಲ್ಲಿ ಸೋತಿರುವುದು ಬುದ್ಧಿಯಲ್ಲ, ಓದಿನ ಕ್ರಮ. ಪಿಯುಸಿಯಲ್ಲಿ ವರ್ಷವಿಡೀ ಹರಡಿಕೊಂಡಿದ್ದ ಓದು ಈಗ ಕೆಲವೇ ತಿಂಗಳಿಗೆ ಇಳಿದಿರುತ್ತದೆ.

1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಉತ್ತರಪತ್ರಿಕೆಯ ನಕಲು ಪಡೆಯಲು, ಮರುಮೌಲ್ಯಮಾಪನ ಕೋರಲು ಅವಕಾಶ ನೀಡಿದೆ. ಆ ನಕಲನ್ನು ನಾಲ್ಕು ಅಂಕದ ಆಸೆಗಷ್ಟೇ ತರಿಸಬಾರದು. ಲೆಕ್ಕ ತಪ್ಪಿದ್ದೆಲ್ಲಿ, ಇಂಗ್ಲಿಷಿನ ಪ್ರಶ್ನೆ ಅರ್ಥವಾಗದೆ ಹೋದದ್ದೆಲ್ಲಿ, ಸಮಯ ಸಾಲದೆ ಬಿಟ್ಟದ್ದೆಷ್ಟು ಎಂಬುದನ್ನು ಅಧ್ಯಾಪಕರೊಡನೆ ಕುಳಿತು ಗುರುತಿಸಬೇಕು. ಮೂರಕ್ಕೂ ಮದ್ದು ಬೇರೆ ಬೇರೆ: ಮೊದಲನೆಯದಕ್ಕೆ ದಿನವೂ ಲೆಕ್ಕ ಬಿಡಿಸುವ ಅಭ್ಯಾಸ, ಎರಡನೆಯದಕ್ಕೆ ಪಾರಿಭಾಷಿಕ ಪದಗಳ ಟಿಪ್ಪಣಿ, ಮೂರನೆಯದಕ್ಕೆ ಗಡಿಯಾರವಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬರೆಯುವುದು.

ಉಳಿದುಹೋದ ವಿಷಯ ಮುಂದಿನ ಸೆಮಿಸ್ಟರಿನ ಹೊರೆಯ ಮೇಲೆ ಕೂರುತ್ತದೆ. ಮುಚ್ಚಿಟ್ಟಷ್ಟೂ ಭಾರ ಹೆಚ್ಚು. ಕೊಳೆರೋಗಕ್ಕೆ ಒಂದು ವರ್ಷದ ಫಸಲು ಹೋಯಿತೆಂದು ಮಲೆನಾಡಿನ ರೈತ ಅಡಕೆ ತೋಟವನ್ನು ಕಡಿದುಹಾಕುವುದಿಲ್ಲ. ಮುಂದಿನ ಮಳೆಗೆ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸುತ್ತಾನೆ. ರಜೆಗೆ ಬಂದ ಮಗನನ್ನೋ ಮಗಳನ್ನೋ ‘ಎಷ್ಟು ಅಂಕ ಬಂತು?’ ಎನ್ನುವ ಬದಲು ‘ಯಾವುದು ಕಷ್ಟವಾಯಿತು?’ ಎಂದು ಕೇಳುವಷ್ಟು ತಾಳ್ಮೆ ಅದೇ ರೈತನಿಗೆ ಮನೆಯೊಳಗೂ ಇರಬೇಕು.