ದೊಡ್ಡಬಳ್ಳಾಪುರಕ್ಕೆ ಹೋಗಿ ಬರುವಷ್ಟು ಕರೆಂಟು

ಬೆಂಗಳೂರಿನ ಚೇತನ್ ಮೈನಿ ಅವರ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿದದ್ದು 2001ರಲ್ಲಿ. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಅದು ಸುಮಾರು 80 ಕಿ.ಮೀ. ಓಡುತ್ತಿತ್ತು. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಸುಮಾರು 40 ಕಿ.ಮೀ. ಹೋಗಿ ಬರುವಷ್ಟರಲ್ಲಿ ಲೆಕ್ಕ ಚುಕ್ತಾ! ನಡುವೆ ನಂದಿಬೆಟ್ಟ ನೋಡಿ ಬರೋಣವೆಂದರೆ ಆಗದ ಮಾತು.

ಇಂದಿನ ಕಾರುಗಳು ಅದಕ್ಕಿಂತ ಬಹಳ ದೂರ ಓಡುತ್ತವೆ. 2017ರಲ್ಲಿ ವಿದ್ಯುತ್ ವಾಹನ ನೀತಿ ಪ್ರಕಟಿಸಿದ ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ಮೊದಲು. ಹೆದ್ದಾರಿಯ ಎರಡೂ ಬದಿ 25 ಕಿ.ಮೀ.ಗೊಂದು ಚಾರ್ಜಿಂಗ್ ಕೇಂದ್ರ ಇರಬೇಕೆಂದು 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಮೂರೂ ಹೆದ್ದಾರಿಯ ಊರುಗಳೇ. ಆದರೆ ಚಾರ್ಜಿಂಗ್ ಕೇಂದ್ರವೆಂದರೆ ಗೋಡೆಗೆ ಬಡಿದ ಬರೀ ಒಂದು ಪ್ಲಗ್ ಅಲ್ಲ.

ಮನೆಯ ಕರೆಂಟ್ ಬಿಲ್ ತೆಗೆದು ನೋಡಿ. ಒಂದು ಕಿಲೋವಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. 30 ಯೂನಿಟ್ ಹಿಡಿಯುವ ಕಾರಿನ ಬ್ಯಾಟರಿಯನ್ನು ಮನೆಯ 3 ಕಿಲೋವಾಟ್ ಪ್ಲಗ್ಗಿನಲ್ಲಿ ತುಂಬಿಸಲು ಹೆಚ್ಚುಕಮ್ಮಿ 10 ಗಂಟೆ ಬೇಕು. 30 ಕಿಲೋವಾಟ್‌ನ ವೇಗದ ಚಾರ್ಜರ್‌ಗೆ ಒಂದು ಗಂಟೆಯ ಆಸುಪಾಸು ಸಾಕು. ಅದೂ ಬ್ಯಾಟರಿ ಮುಕ್ಕಾಲು ದಾಟಿದ ಮೇಲೆ ನಿಧಾನವಾಗುತ್ತದೆ.

ಈ ಅವಸರಕ್ಕೆ ಬೆಲೆ ತೆರಬೇಕು. 60 ಕಿಲೋವಾಟ್‌ನ ಒಂದು ಯಂತ್ರವೆಂದರೆ ತಲಾ 3 ಕಿಲೋವಾಟ್ ಎಳೆಯುವ 20 ಮನೆಗಳ ಹೊರೆ. ದೊಡ್ಡಬಳ್ಳಾಪುರದಲ್ಲಿ ಎಷ್ಟೋ ಕುಟುಂಬಗಳ ಅನ್ನ ವಿದ್ಯುತ್ ಮಗ್ಗದ ಮೇಲಿದೆ. ಬೀದಿಯ ಹಳೆಯ ಟ್ರಾನ್ಸ್‌ಫಾರ್ಮರ್‌ಗೇ ಈ ಹೊರೆಯನ್ನೂ ಹೇರಿದರೆ ವೋಲ್ಟೇಜ್ ಕುಸಿಯುತ್ತದೆ, ಮಗ್ಗ ಮುಗ್ಗರಿಸುತ್ತದೆ. ಆದ್ದರಿಂದಲೇ ದೊಡ್ಡ ಕೇಂದ್ರಗಳಿಗೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್, ದಪ್ಪನೆಯ ಕೇಬಲ್, ಸರಿಯಾದ ಅರ್ಥಿಂಗ್ ಬೇಕಾಗುತ್ತದೆ. ರಾಜ್ಯದಲ್ಲಿ ಈ ಕೆಲಸದ ನೋಡಲ್ ಸಂಸ್ಥೆ ಬೆಸ್ಕಾಂ.

ಹಾಗಾದರೆ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಿದರಾಯಿತಲ್ಲ? ಸ್ವಂತ ಮನೆ, ಗಾಡಿ ನಿಲ್ಲಿಸಲು ಜಾಗ ಇದ್ದವರಿಗೆ ಅದೇ ಸರಿ. ವಠಾರದಲ್ಲಿ, ಮಹಡಿಯ ಬಾಡಿಗೆ ಮನೆಯಲ್ಲಿ ಇರುವವರ ಗಾಡಿ ರಾತ್ರಿ ನಿಲ್ಲುವುದು ಬೀದಿಯಲ್ಲಿ. ಸಾರ್ವಜನಿಕ ಕೇಂದ್ರ ನಿಜವಾಗಿ ಬೇಕಾಗಿರುವುದು ಅಂಥವರಿಗೆ. ಅವರಿಗೆ ದುಬಾರಿ ವೇಗದ ಯಂತ್ರವೇ ಆಗಬೇಕೆಂದಿಲ್ಲ. ಸ್ಕೂಟರಿನ ಬ್ಯಾಟರಿಗೆ ಮೂರ್ನಾಲ್ಕು ಯೂನಿಟ್ ಸಾಕು. ಬಸ್ ನಿಲ್ದಾಣ, ಕಾಲೇಜು, ಕಾರ್ಖಾನೆಯ ಬಳಿ ಗಾಡಿ ಹೇಗೂ ಗಂಟೆಗಟ್ಟಲೆ ನಿಂತಿರುತ್ತದೆ. ಅಲ್ಲಿ ನಿಧಾನದ ಚಾರ್ಜರ್‌ಗಳಿದ್ದರೂ ಕೆಲಸ ನಡೆಯುತ್ತದೆ, ಟ್ರಾನ್ಸ್‌ಫಾರ್ಮರ್‌ಗೂ ಹಗುರ.

ಐಟಿಐ, ಡಿಪ್ಲೊಮಾ ಓದುವ ಮಕ್ಕಳು ಇದನ್ನು ಗಮನಿಸಬೇಕು. ಈ ಯಂತ್ರಗಳನ್ನು ಕೂರಿಸಲು, ಕೆಟ್ಟಾಗ ರಿಪೇರಿ ಮಾಡಲು ಊರಿನಲ್ಲೇ ಕೈಗಳು ಬೇಕು. ಕೆಟ್ಟು ನಿಂತ ಚಾರ್ಜರ್ ಇದ್ದೂ ಇಲ್ಲದಂತೆ.